ಬೆಳಗಿನ ತಿಂಡಿ ಶುರುವಾಗುವುದು ಹಿಂದಿನ ರಾತ್ರಿ: ಪೋಷಕರಿಗೆ ಪತ್ರ

ಪೋಷಕರಿಗೆ ನಮಸ್ಕಾರ.

ಪ್ರಾರ್ಥನೆ ಮುಗಿಯುವಷ್ಟರಲ್ಲಿ ತಲೆ ಸುತ್ತುತ್ತದೆ ಎಂದು ಕೂರುವ ಮಕ್ಕಳು, ಎರಡನೇ ಪೀರಿಯಡ್ಡಿಗೇ ಡೆಸ್ಕಿನ ಮೇಲೆ ತಲೆಯಿಡುವ ಮಕ್ಕಳು ಎಲ್ಲ ತರಗತಿಯಲ್ಲೂ ಇದ್ದಾರೆ. ಕೇಳಿದರೆ ಬರುವ ಉತ್ತರ ಎರಡೇ: "ಏನೂ ತಿಂದಿಲ್ಲ ಮಿಸ್", ಇಲ್ಲವೇ "ಟೀ ಬಿಸ್ಕತ್ತು". ತಪ್ಪು ಹೊರಿಸಲು ಈ ಪತ್ರ ಬರೆಯುತ್ತಿಲ್ಲ. ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹಿಡಿಯುವವರಿಗೆ, ಐದಕ್ಕೇ ಎದ್ದು ಹಾಲು ಕರೆದು ಡೇರಿಗೆ ಹಾಕಿಬರುವವರಿಗೆ ಒಲೆ ಮುಂದೆ ನಿಲ್ಲಲು ಸಿಗುವುದು ಹೆಚ್ಚೆಂದರೆ 15 ನಿಮಿಷ. ಅಷ್ಟರಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದಷ್ಟೇ ಇಲ್ಲಿದೆ.

"ಸ್ಕೂಲಲ್ಲಿ ಹಾಲು ಕೊಡ್ತಾರಲ್ಲ" ಎಂಬ ಮಾತು ಪೋಷಕರ ಸಭೆಯಲ್ಲಿ ಆಗಾಗ ಬರುತ್ತದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ ಸಿಗುವುದು 150 ಮಿ.ಲೀ. ಹಾಲು, ಅಂದರೆ ಒಂದು ಸಣ್ಣ ಲೋಟ. ರಾತ್ರಿ ಎಂಟಕ್ಕೆ ಉಂಡ ಮಗು ಬೆಳಗ್ಗೆ ತಿಂಡಿ ತಿನ್ನದಿದ್ದರೆ ಮಧ್ಯಾಹ್ನದ ಬಿಸಿಯೂಟದವರೆಗೆ ಸುಮಾರು 17 ಗಂಟೆಯನ್ನು ಆ ಒಂದು ಲೋಟದ ಮೇಲೇ ಕಳೆಯಬೇಕು. ಹಾಲು ತಿಂಡಿಯ ಜೊತೆಗೆ, ತಿಂಡಿಯ ಬದಲಿಗೆ ಅಲ್ಲ.

ಬೆಳಗ್ಗೆ ಹೊತ್ತು ತಿನ್ನುವುದು ಒಲೆಯ ಕೆಲಸಕ್ಕಿಂತ ಹೆಚ್ಚಾಗಿ ಹೆಚ್ಚುವುದು, ಹುಡುಕುವುದು, "ಇವತ್ತು ಏನು ಮಾಡೋದು" ಎಂದು ಯೋಚಿಸುವುದು. ಈ ಮೂರನ್ನೂ ರಾತ್ರಿ ಪಾತ್ರೆ ತೊಳೆಯುವ ಮೊದಲೇ ಮುಗಿಸಿಬಿಡಿ. ಹೆಚ್ಚಿದ ಕ್ಯಾರೆಟ್, ಬೀನ್ಸ್, ಹಸಿಮೆಣಸಿನಕಾಯಿ ಒಂದು ಡಬ್ಬಿಗೆ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ ಅಳತೆಯಂತೆ ಒಂದು ಬಟ್ಟಲಿಗೆ. ಈರುಳ್ಳಿಯನ್ನು ಮಾತ್ರ ಬೆಳಗ್ಗೆಯೇ ಹೆಚ್ಚಿ. ರಾತ್ರಿ ಹೆಚ್ಚಿಟ್ಟರೆ ಕಮಟು ವಾಸನೆ ಬಂದು, ಮಕ್ಕಳು ತಟ್ಟೆ ಹತ್ತಿರ ತಂದಾಗಲೇ ಮುಖ ತಿರುಗಿಸುತ್ತಾರೆ.

ಉಪ್ಪಿಟ್ಟಿನಿಂದ ಶುರು ಮಾಡೋಣ, ಏಕೆಂದರೆ ಮಕ್ಕಳು ಅತಿ ಹೆಚ್ಚು ದೂರುವುದು ಅದನ್ನೇ. ಅದರಲ್ಲಿ ತಪ್ಪು ಉಪ್ಪಿಟ್ಟಿನದಲ್ಲ, ಅಳತೆಯದು. ಭಾನುವಾರ ಒಂದು ಕೆ.ಜಿ. ಮೀಡಿಯಂ ರವೆಯನ್ನು ಎರಡು ಕಂತಿನಲ್ಲಿ, ಸಣ್ಣ ಉರಿಯಲ್ಲಿ 10 ನಿಮಿಷದಷ್ಟು ಹುರಿದಿಡಿ. ಘಮ ಬರಬೇಕು, ಬಣ್ಣ ತಿರುಗಬಾರದು. ಸೌಟಿನಿಂದ ಎತ್ತಿಬಿಟ್ಟರೆ ಮರಳಿನ ಹಾಗೆ ಸರಸರ ಉದುರಬೇಕು. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಬೆವರಿ, ವಾರದೊಳಗೆ ಮುಗ್ಗಲು ವಾಸನೆ ಬರುತ್ತದೆ.

ಬೆಳಗ್ಗೆ ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೂರು ಲೋಟ ಇರಲಿ. ಉದುರುದುರಾದ ಉಪ್ಪಿಟ್ಟು ದೊಡ್ಡವರಿಗೆ ಇಷ್ಟ, ಮಕ್ಕಳಿಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಒಗ್ಗರಣೆಯಲ್ಲಿ ತರಕಾರಿ ಬಾಡುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ನೀರು ಕಾಯಲಿಟ್ಟರೆ ನಾಲ್ಕು ನಿಮಿಷ ಉಳಿಯುತ್ತದೆ. ನೀರು ಬಾಣಲೆಯಲ್ಲಿ ಕೊತಕೊತ ಕುದಿಯಬೇಕು. ಆಮೇಲೆ ಉರಿ ತಗ್ಗಿಸಿ, ಎಡಗೈಯಿಂದ ರವೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಬಲಗೈಯಿಂದ ತಿರುವುತ್ತಿರಿ. ಒಂದೇ ಸಲ ಸುರಿದರೆ ಗುಪ್ಪೆಯ ಹೊರಮೈ ತಕ್ಷಣ ಬೆಂದು ಅಂಟಿಕೊಳ್ಳುತ್ತದೆ, ಒಳಗಿನ ರವೆಗೆ ನೀರೇ ಮುಟ್ಟುವುದಿಲ್ಲ. ಗಂಟು ಅಂದರೆ ಅದೇ. ಮುಚ್ಚಿ ಮೂರು ನಿಮಿಷ ಸಣ್ಣ ಉರಿ, ಉರಿ ಆರಿಸಿ ಇನ್ನು ಎರಡು ನಿಮಿಷ. ಹಸಿಮೆಣಸಿನಕಾಯಿಯನ್ನು ಸಣ್ಣಗೆ ಹೆಚ್ಚದೆ ಉದ್ದಕ್ಕೆ ಸೀಳಿ ಹಾಕಿದರೆ ಮಗುವೇ ಎತ್ತಿ ಬದಿಗಿಡುತ್ತದೆ. ಒಂದು ಸಲ ಬಾಯಿ ಖಾರವಾದರೆ ತಿಂಗಳು ಪೂರ್ತಿ ಉಪ್ಪಿಟ್ಟು ಬೇಡವಾಗುತ್ತದೆ.

ಉಪ್ಪಿಟ್ಟಿಗೂ ಪುರುಸೊತ್ತಿಲ್ಲದ ದಿನಕ್ಕೆ ಅವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಎರಡು ಸಲ ತೊಳೆದು ನೀರು ಬಸಿದು ಐದು ನಿಮಿಷ ಬಿಟ್ಟರೆ ತಾನೇ ಅರಳುತ್ತದೆ, ನೀರಲ್ಲಿ ನೆನೆಹಾಕುವ ಅಗತ್ಯವಿಲ್ಲ. ಪೇಪರ್ ಅವಲಕ್ಕಿಯನ್ನಂತೂ ತೊಳೆಯಲೇಬೇಡಿ, ಮುದ್ದೆಯಾಗುತ್ತದೆ. ಅದಕ್ಕೆ ಮೊಸರು, ಉಪ್ಪು, ಒಗ್ಗರಣೆ ಸಾಕು. ನಿಂಬೆರಸವನ್ನು ಉರಿ ಆರಿಸಿದ ಮೇಲೆ ಹಿಂಡಿ. ಬಾಣಲೆ ಒಲೆ ಮೇಲಿರುವಾಗ ಹಿಂಡಿದರೆ ಕಹಿಯಾಗುತ್ತದೆ, ಚಿತ್ರಾನ್ನಕ್ಕೂ ಇದೇ ಮಾತು. ಇನ್ನೊಂದು ವಿಷಯ: ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆ ಸಹಾಯ ಮಾಡುತ್ತದೆ, ಟೀ ತಡೆಯುತ್ತದೆ. ಆದ್ದರಿಂದ ಮಕ್ಕಳಿಗೆ ತಿಂಡಿಯ ಜೊತೆ ಟೀ ಬೇಡ.

ದೋಸೆ ಹಿಟ್ಟು ಮನೆಯಲ್ಲಿದ್ದರೆ ಮೂರು ಬೆಳಗಿನ ಚಿಂತೆ ಇಲ್ಲ. ಮೂರು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಟೀ ಚಮಚ ಮೆಂತ್ಯ. ರುಬ್ಬುವ ಮುಂಚೆ ನೆನೆಸಿದ ಒಂದು ಹಿಡಿ ಅವಲಕ್ಕಿ. ಐದಾರು ಗಂಟೆ ನೆನೆಯಲಿ. ಉದ್ದನ್ನು ಬೇರೆಯಾಗಿ, ತಣ್ಣೀರು ಹಾಕಿ ರುಬ್ಬಿ. ಮಿಕ್ಸಿಯಲ್ಲಿ ಬಿಡದೆ ರುಬ್ಬಿದರೆ ಹಿಟ್ಟು ಬಿಸಿಯೇರಿ ಆಮೇಲೆ ಸರಿಯಾಗಿ ಉಬ್ಬುವುದಿಲ್ಲ, ನಡುನಡುವೆ ಒಂದೊಂದು ನಿಮಿಷ ನಿಲ್ಲಿಸಿ. ಪಾತ್ರೆಯ ಅರ್ಧಕ್ಕೆ ಮಾತ್ರ ತುಂಬಿ, ಇಲ್ಲದಿದ್ದರೆ ಬೆಳಗ್ಗೆ ತಿಂಡಿಯ ಬದಲು ಕಟ್ಟೆ ಒರೆಸುವ ಕೆಲಸ.

ಬೇಸಿಗೆಯಲ್ಲಿ ಆರೇಳು ಗಂಟೆಗೆ ಉಬ್ಬುವ ಹಿಟ್ಟು ಡಿಸೆಂಬರ್ ಚಳಿಯಲ್ಲಿ 12 ಗಂಟೆಯಾದರೂ ಸುಮ್ಮನಿರುತ್ತದೆ. ಆ ತಿಂಗಳುಗಳಲ್ಲಿ ಸಂಜೆ ಐದರೊಳಗೆ ರುಬ್ಬಿ, ಉಪ್ಪನ್ನೂ ಆಗಲೇ ಸೇರಿಸಿ ಕೈಯಿಂದ ಕಲಸಿ, ಪಾತ್ರೆಗೆ ಹಳೇ ಕಂಬಳಿ ಸುತ್ತಿಡಿ. ಬೇಸಿಗೆಯಲ್ಲಿ ಉಪ್ಪು ಬೆಳಗ್ಗೆ ಹಾಕಿದರೂ ಸಾಕು. ಉಬ್ಬಿದ ಹಿಟ್ಟನ್ನು ಫ್ರಿಜ್ಜಿಗಿಟ್ಟು ದಿನಕ್ಕೆ ಬೇಕಾದಷ್ಟನ್ನೇ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಮೊದಲೆರಡು ದಿನ ದೋಸೆ. ಮೂರನೇ ದಿನ ಹುಳಿ ಏರಿದ ಹಿಟ್ಟಿಗೆ ಈರುಳ್ಳಿ, ಕೊತ್ತಂಬರಿ, ತುರಿದ ಕ್ಯಾರೆಟ್ ಸೇರಿಸಿ ಪಡ್ಡು ಹಾಕಿ, ಹುಳಿ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಬರುವ ಮಗುವಿನ ಡಬ್ಬಿಗೆ ಪಡ್ಡುವಿಗಿಂತ ಒಳ್ಳೆಯದಿಲ್ಲ: ಆರಿದರೂ ಮೆತ್ತಗಿರುತ್ತದೆ, ಕೈಗೆ ಅಂಟುವುದಿಲ್ಲ. ದೋಸೆ ಹುಯ್ಯುವಾಗ ಹಿಟ್ಟು ಸೌಟಿಗೇ ಸುತ್ತಿಕೊಂಡು ಬಂದರೆ ಕಾವಲಿ ಅತಿಯಾಗಿ ಕಾದಿದೆ ಎಂದರ್ಥ. ನೀರು ಚಿಮುಕಿಸಿ ಒರೆಸಿ ಮತ್ತೆ ಹುಯ್ಯಿರಿ.

ಫ್ರಿಜ್ಜಿಲ್ಲದ ಮನೆಗೆ ಹೆಸರುಕಾಳು ದೋಸೆ ಹೇಳಿಮಾಡಿಸಿದ್ದು. ಒಂದು ಲೋಟ ಹೆಸರುಕಾಳು, ಎರಡು ಚಮಚ ಅಕ್ಕಿ ರಾತ್ರಿ ನೆನೆಹಾಕಿ, ಬೆಳಗ್ಗೆ ಶುಂಠಿ, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ ಆಗಲೇ ಹುಯ್ಯಬಹುದು. ಹುಳಿ ಬರುವವರೆಗೆ ಕಾಯುವ ಹಂಗಿಲ್ಲ. ಅಕ್ಕಿ ಬಿಟ್ಟರೆ ದೋಸೆ ತಿರುವಿ ಹಾಕುವಾಗ ಮುರಿಯುತ್ತದೆ.

ರಾಗಿಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ್ದೇನಿಲ್ಲ. ಆದರೂ ಮುದ್ದೆ ರಾತ್ರಿಗೆ ಮಾತ್ರ ಎಂಬಂತಾಗಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂಬಲಿಗೆ ಇಬ್ಬರಿಗೆ ನಾಲ್ಕು ಚಮಚ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕಲಸಿ, ಕುದಿಯುವ ಮೂರು ಲೋಟ ನೀರಿಗೆ ಬಿಟ್ಟು, ತಿರುವುತ್ತಾ ಆರು ನಿಮಿಷ ಬೇಯಿಸಿ. ಇದನ್ನು ರಾತ್ರಿಯೇ ಮಾಡಿಟ್ಟು ಬೆಳಗ್ಗೆ ಮಜ್ಜಿಗೆ, ಉಪ್ಪು ಬೆರೆಸಿದರಾಯಿತು. ರಾಗಿ ಹುರಿಹಿಟ್ಟು ಸಿಕ್ಕರೆ ಒಲೆಯೇ ಬೇಡ: ನಾಲ್ಕು ಚಮಚ ಹುರಿಹಿಟ್ಟು, ಬೆಲ್ಲ, ಕಾಯಿತುರಿ, ಕಲಸುವಷ್ಟು ಹಾಲು. ಮಗುವೇ ಕಲಸಿಕೊಳ್ಳಲಿ, ತಾನು ಕಲಸಿದ್ದನ್ನು ತಾನೇ ಬೇಡ ಎನ್ನುವ ಮಕ್ಕಳು ಕಡಿಮೆ.

ಮಿಕ್ಕ ಅನ್ನದ ಚಿತ್ರಾನ್ನಕ್ಕೆ ಒಂದು ಎಚ್ಚರಿಕೆ. ಬೆಂದ ಅನ್ನ ರಾತ್ರಿಯೆಲ್ಲ ಕುಕ್ಕರಿನಲ್ಲೇ ಬೆಚ್ಚಗೆ ಉಳಿದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯಲ್ಲೂ ಗೊತ್ತಾಗುವುದಿಲ್ಲ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗಬಹುದು. ಊಟ ಮುಗಿದ ಕೂಡಲೇ ಅನ್ನವನ್ನು ಅಗಲ ತಟ್ಟೆಗೆ ಹರಡಿ ಆರಿಸಿ ಫ್ರಿಜ್ಜಿಗಿಡಿ. ಫ್ರಿಜ್ಜಿಲ್ಲದಿದ್ದರೆ ಬೆಳಗ್ಗೆ ಹೊಸದಾಗಿ ಕುಕ್ಕರ್ ಇಡುವುದೇ ವಾಸಿ. ಮೂರು ಲೋಟ ಅನ್ನಕ್ಕೆ ಒಂದು ನಿಂಬೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ.

ಈ ಎಲ್ಲದಕ್ಕೂ ಜೊತೆಯಾಗುವ ಒಂದು ಚಟ್ನಿಪುಡಿ ಮಾಡಿಟ್ಟುಕೊಳ್ಳಿ. ಹುರಿದು ಸಿಪ್ಪೆ ತೆಗೆದ ಒಂದು ಲೋಟ ಕಡಲೆಕಾಯಿ ಬೀಜ, ಅರ್ಧ ಲೋಟ ಹುರಿಗಡಲೆ, ಹುರಿದ ಆರು ಬ್ಯಾಡಗಿ ಮೆಣಸಿನಕಾಯಿ, ಸ್ವಲ್ಪ ಹುಣಸೆ, ಉಪ್ಪು. ಮಿಕ್ಸಿಯನ್ನು ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಪುಡಿ ಮಾಡಿ. ಬಿಡದೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ. ಬರೀ ಅಕ್ಕಿ, ಬರೀ ರವೆಯ ತಿಂಡಿ ಹನ್ನೊಂದು ಗಂಟೆಗೆಲ್ಲ ಕರಗಿಹೋಗುತ್ತದೆ. ಜೊತೆಗೆ ಈ ಪುಡಿ, ಮೊಸರು, ಬೇಯಿಸಿದ ಮೊಟ್ಟೆ ಇವುಗಳಲ್ಲಿ ಒಂದಿದ್ದರೆ ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುತ್ತದೆ.

ಅಕ್ಕಿರೊಟ್ಟಿ ಈ ಪಟ್ಟಿಯಲ್ಲಿ ಬೇಕೆಂದೇ ಇಲ್ಲ. ಒಂದೊಂದು ರೊಟ್ಟಿಗೂ ಬಾಣಲೆ ಆರಿಸಿ ತಟ್ಟುತ್ತಾ ಕೂತರೆ ಬಸ್ಸು ತಪ್ಪುತ್ತದೆ, ಅದು ಭಾನುವಾರದ್ದು. ಎರಡು ನಿಮಿಷದ ನೂಡಲ್ಸ್ ಅಪರೂಪಕ್ಕೆ ಇರಲಿ. ಮಾಡಿದ ದಿನ ಒಂದು ಮೊಟ್ಟೆ ಒಡೆದು ಹಾಕಿ, ಮಸಾಲೆ ಪೊಟ್ಟಣ ಅರ್ಧವೇ ಸಾಕು.

ಮಾಡಿದರೂ ತಿನ್ನುವುದಿಲ್ಲ ಎನ್ನುವವರು ರಾತ್ರಿ ಊಟದ ಹೊತ್ತನ್ನು ನೋಡಿ. ಹತ್ತಕ್ಕೆ ಉಂಡು ಬೆಳಗ್ಗೆ ಏಳಕ್ಕೆ ಎದ್ದ ಮಗುವಿಗೆ ಏಳೂಕಾಲಿಗೆ ಹಸಿವಿರುವುದಿಲ್ಲ. ಊಟ ಎಂಟರೊಳಗೆ ಮುಗಿಯಲಿ. ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆಯಾದರೂ ಕಳೆಯಲಿ; ದೊಡ್ಡ ಲೋಟದ ಹಾಲನ್ನು ತಿಂಡಿಗೆ ಮೊದಲು ಕೊಡಬೇಡಿ, ಅದರಲ್ಲೇ ಹೊಟ್ಟೆ ತುಂಬುತ್ತದೆ. ಮೊದಲ ವಾರ ಅರ್ಧ ದೋಸೆ, ಒಂದು ಇಡ್ಲಿ ತಿಂದರೂ ಸಾಕು, ಬಲವಂತ ಬೇಡ.

ಕಡಲೆಕಾಯಿ, ಹಾಲು ಅಥವಾ ಮೊಟ್ಟೆ ತಿಂದರೆ ತುರಿಕೆಯೋ ತುಟಿ ಊದುವುದೋ ಆಗುವ ಮಕ್ಕಳಿದ್ದರೆ ತರಗತಿ ಶಿಕ್ಷಕರಿಗೆ ಈ ವಾರವೇ ಬರೆದು ಕಳಿಸಿ. ಮಗು ಏನೂ ತಿನ್ನದೆ ಹೊರಟ ದಿನ ಡೈರಿಯಲ್ಲಿ "ತಿಂಡಿ ಆಗಿಲ್ಲ" ಎಂದು ಒಂದು ಸಾಲು ಹಾಕಿ, ಕೈಗೊಂದು ಬಾಳೆಹಣ್ಣು ಕೊಟ್ಟು ಕಳಿಸಿ. ಪ್ರಾರ್ಥನೆಗೆ ಮೊದಲು ಕೂರಿಸಿ ತಿನ್ನಿಸುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ