ಜನವರಿ 14ಕ್ಕೆ ಬರುತ್ತೇನೆ, ಕಾಕಾ

ಬರ್ಲಿನ್,
17 ಜೂನ್ 2025

ಕಾಕಾ, ಕಾಕಿ, ಇಬ್ಬರಿಗೂ ಶರಣು ಶರಣಾರ್ಥಿ.

ನಾನು ಆರಾಮಿದ್ದೇನೆ. ಅಲ್ಲಿ ಮಳೆ ಹೇಗಿದೆ? ಸೋಯಾ ಬಿತ್ತನೆ ಆಯ್ತಾ?

ಮೊನ್ನೆ ಭಾನುವಾರ ಇಲ್ಲಿ ಮೊದಲ ಸಲ ಮಾಜಿ ಸೈನಿಕರ ದಿನ ಮಾಡಿದರು. ಇನ್ನು ಪ್ರತಿ ವರ್ಷ ಜೂನ್ 15 ಅವರ ದಿನ ಅಂತ ಕಳೆದ ವರ್ಷ ಸಂಸತ್ತಿನಲ್ಲಿ ತೀರ್ಮಾನ ಆಗಿತ್ತು. ಹಿಟ್ಲರ್ ಕಾಲದ ನೆನಪು ಇನ್ನೂ ಇದೆ ನೋಡಿ, ಸೈನ್ಯದ ಮಾತು ಬಂದರೆ ಇಲ್ಲಿಯವರಿಗೆ ಮುಜುಗರ. ಅದಕ್ಕೇ ಇಷ್ಟು ತಡ. ಸಂಸತ್ ಭವನದ ಸುತ್ತ ಜಾತ್ರೆ ಥರ ಇತ್ತು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕರೆದುಕೊಂಡು ಹೋಗಿದ್ದರು. ಅಫ್ಘಾನಿಸ್ತಾನಕ್ಕೆ ಹೋಗಿ ಬಂದವರಂತೆ. ಮೂರು ವರ್ಷ ಪಕ್ಕದಲ್ಲೇ ಕೂತರೂ ನನಗೆ ಗೊತ್ತಿರಲಿಲ್ಲ! ಮಾಜಿ ಸೈನಿಕರಿಗೆ 2019ರಿಂದ ಕೊಡುವ ಪುಟ್ಟ ಬ್ಯಾಡ್ಜ್ ಅಂಗಿಗೆ ಸಿಕ್ಕಿಸಿಕೊಂಡಿದ್ದರು. ವಾಪಸ್ ಬರುವಾಗ ರೈಲು ಹತ್ತಿದ್ದೇ ಜಾಕೆಟ್ ಜಿಪ್ ಕತ್ತಿನವರೆಗೂ ಎಳೆದುಕೊಂಡರು.

‘ನಿಮ್ಮಲ್ಲಿ ಇಂಥ ದಿನ ಇದೆಯಾ?’ ಅಂತ ಕೇಳಿದರು. ಇಲ್ಲ ಅಂದುಬಿಟ್ಟೆ. ರಾತ್ರಿ ಮೊಬೈಲ್‌ನಲ್ಲಿ ನೋಡಿದರೆ ಇದೆ! 2016ರಿಂದ, ಜನವರಿ 14. ನಮ್ಮ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ದಿನ. ಅವತ್ತು ನಾವು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ ಮುಂದೆ ಕೂತಿರುತ್ತೇವೆ. ಸಂಕ್ರಾಂತಿ ಅಲ್ವಾ, ಯಾರಿಗೆ ನೆನಪಿರುತ್ತೆ? ನಾವು ಬೀದರ್‌ನವರು ವಾಯುಪಡೆಯ ಸೂರ್ಯಕಿರಣ್ ವಿಮಾನ ಹಾರಿದರೆ ಮಾಳಿಗೆ ಹತ್ತಿ ನೋಡುತ್ತೇವೆ. ಪಕ್ಕದ ಮನೆಯ ಫೌಜಿಯನ್ನು ಮಾತಾಡಿಸುವುದಿಲ್ಲ.

ಬೇರೆಯವರ ಮಾತು ಬಿಡಿ. ಡಿಸೆಂಬರ್ 7ರ ಸೇನಾ ಧ್ವಜ ದಿನಕ್ಕೆ ಶಾಲೆಯಲ್ಲಿ ಧ್ವಜದ ಚೀಟಿ ಕೊಂಡು ಎದೆಗೆ ಅಂಟಿಸಿಕೊಂಡು ನಿಮ್ಮ ಮುಂದೆಯೇ ಓಡಾಡುತ್ತಿದ್ದೆ. ಆ ದುಡ್ಡು ನಿಮ್ಮಂಥ ಮಾಜಿ ಸೈನಿಕರಿಗಾಗಿ ಅಂತ ನನ್ನ ತಲೆಗೇ ಹೋಗಿರಲಿಲ್ಲ.

ಒಮ್ಮೆ ರಾತ್ರಿ ಭಾಲ್ಕಿಯಿಂದ ಬರುವಾಗ ನೀವು ಟಂಟಂ ಲೈಟ್ ಆರಿಸಿ ಬೆಳದಿಂಗಳಲ್ಲೇ ಓಡಿಸಿದಿರಿ. ನೆನಪಿದೆಯಾ? ಕಾಕಿ ಕೂಗಿಕೊಂಡರು. ‘1999ರಾಗ ಕಾರ್ಗಿಲ್ ಯುದ್ಧದಾಗ ದ್ರಾಸ್‌ಗೆ ಹಿಂಗೇ ರೇಷನ್ ಒಯ್ತಿದ್ವಿ. ಲೈಟ್ ಕಂಡ್ರ ಮ್ಯಾಲಿಂದ ಶೆಲ್ ಬೀಳ್ತಿತ್ತು’ ಅಂದಿರಿ. ಮತ್ತೆ ಲೈಟ್ ಹಾಕಿದಿರಿ. ಆಮೇಲೇನಾಯ್ತು ಅಂತ ನಾನು ಕೇಳಲಿಲ್ಲ. ಸುಮ್ನೆ ಕೂತಿದ್ದೆ. ಹೊಟ್ಟೆ ಹಸಿದಿತ್ತು ಅಷ್ಟೇ.

ಈ ಸಲ ಸಂಕ್ರಾಂತಿಗೆ ರಜೆ ಕೇಳಿದ್ದೇನೆ. ಶಾಲು, ಹಾರ ಏನೂ ತರುವುದಿಲ್ಲ, ಹೆದರಬೇಡಿ. ಟ್ರಂಕಿನಲ್ಲಿರುವ ಮೆಡಲ್ ಮಾತ್ರ ತೆಗೆದಿಡಿ. ರೊಟ್ಟಿ ಉಂಡಾದ ಮೇಲೆ ದ್ರಾಸ್ ರಸ್ತೆಯಿಂದ ಶುರು ಮಾಡಿ. ನಾನು ಎದ್ದು ಹೋಗುವುದಿಲ್ಲ.

ಕಾಕಿ, ಶೇಂಗಾ ಹಿಂಡಿ ಮುಗಿಯುತ್ತಾ ಬಂತು. ಯಾರಾದರೂ ಈ ಕಡೆ ಬರುವವರಿದ್ದರೆ ಕೊಟ್ಟು ಕಳಿಸಿ.

ನಿಮ್ಮ,
ಮಲ್ಲು