ಬೇಲಿಯಿಂದ ಶುರುಮಾಡಬೇಡ

ಪ್ರೀತಿಯ ಮಗಳೇ,

ಸಂಸ್ಥೆಯ ಹೊಣೆ ನಿನ್ನ ಕೈಗೆ ಬಂತು ಅಂತ ಓದಿ ಖುಷಿಯಾಯಿತು. ಜೊತೆಗೆ ಕಳಿಸಿದ ಹೊಸ ನಕ್ಷೆಯನ್ನೂ ನೋಡಿದೆ. ಯಾವ ವಿಭಾಗ ಯಾವುದರ ಕೆಳಗೆ, ಯಾರು ಯಾರಿಗೆ ವರದಿ ಕೊಡಬೇಕು, ಯಾವ ಹುದ್ದೆಗೆ ಏನು ಹೆಸರು, ಎಲ್ಲ ಅಚ್ಚುಕಟ್ಟಾಗಿದೆ. ಸದ್ಯಕ್ಕೆ ಅದನ್ನು ಎತ್ತಿಡು. ಹರಿದುಹಾಕು ಅನ್ನುತ್ತಿಲ್ಲ. ಅದರ ಸರದಿ ಇನ್ನೂ ಬಂದಿಲ್ಲ, ಅಷ್ಟೆ.

ನನಗೆ ಗೊತ್ತಿರುವುದು ನೆಲದ ಕೆಲಸ, ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ. ಪರ್ಮಾಕಲ್ಚರ್ ಅನ್ನುವ ಪದ ನೀನು ಕೇಳಿರುತ್ತೀಯ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಸೇರಿ ಕಟ್ಟಿದ ಪದ್ಧತಿ ಅದು. ಕಾಡು ತನ್ನನ್ನು ತಾನೇ ಸಾಕಿಕೊಳ್ಳುವ ಹಾಗೆ ಹೊಲವೂ ನಡೆಯಬೇಕು ಅನ್ನುವುದು ಅದರ ಆಸೆ. 2002ರಲ್ಲಿ ಹೋಮ್‌ಗ್ರೆನ್ ಇದನ್ನೆಲ್ಲ 12 ಸೂತ್ರಗಳಲ್ಲಿ ಬರೆದಿಟ್ಟರು. ಹನ್ನೆರಡನ್ನೂ ಒಪ್ಪಿಸಿ ನಿನಗೆ ಬೇಸರ ತರಿಸುವುದಿಲ್ಲ. ನಾಯಕತ್ವ ಹೊತ್ತವರಿಗೆ ಅದಕ್ಕಿಂತ ಹಳೆಯ ಇನ್ನೊಂದು ಪಟ್ಟಿ ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ನನ್ನ ಅನಿಸಿಕೆ.

ಅದು 1950ರ ದಶಕದ್ದು. ಪಿ. ಎ. ಯೋಮನ್ಸ್ ಅನ್ನುವ ಆಸ್ಟ್ರೇಲಿಯಾದ ರೈತ ಬರೆದದ್ದು, ಪರ್ಮಾಕಲ್ಚರ್‌ನವರು ಎರವಲು ಪಡೆದದ್ದು. ಒಂದು ಜಮೀನಿನಲ್ಲಿ ಯಾವುದು ಗಟ್ಟಿಯಾಗಿ ನಿಂತಿದೆ, ಯಾವುದು ಸುಲಭವಾಗಿ ಬದಲಾಗುತ್ತದೆ ಅನ್ನುವ ಕ್ರಮ. ಹವಾಮಾನ, ನೆಲದ ಆಕಾರ, ನೀರು, ದಾರಿ, ಮರ, ಕಟ್ಟಡ, ಬೇಲಿ, ಮಣ್ಣು. ಮೇಲಿನದನ್ನು ಅರ್ಥ ಮಾಡಿಕೊಳ್ಳದೆ ಕೆಳಗಿನದನ್ನು ಗೊತ್ತುಮಾಡಬಾರದು. ಬೇಲಿ ಎಷ್ಟನೆಯದು ನೋಡು. ಏಳನೆಯದು.

ನಿನ್ನ ನಕ್ಷೆ ಬೇಲಿ, ಮಗಳೇ. ಹೊಸದಾಗಿ ಕುರ್ಚಿಗೆ ಬಂದವರೆಲ್ಲ ಮೊದಲು ಬೇಲಿಯನ್ನೇ ಕಿತ್ತು ನೆಡುತ್ತಾರೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಕಾಗದದ ಮೇಲೆ ಬರೆಯಬಹುದು. ಎರಡು ವಿಭಾಗ ಒಂದಾಗುತ್ತವೆ, ಒಂದು ಎರಡಾಗುತ್ತದೆ. ಆರು ತಿಂಗಳಾದ ಮೇಲೆ ನೋಡಿದರೆ ಹಳೆಯ ಜಗಳ ಹೊಸ ಹೆಸರಿನಲ್ಲಿ ಹಾಗೇ ಇರುತ್ತದೆ. ಇರದೆ ಇನ್ನೇನು? ನೀರಿನ ದಾರಿಯನ್ನು ಯಾರೂ ಮುಟ್ಟಿಲ್ಲವಲ್ಲ.

ಸಂಸ್ಥೆಯಲ್ಲಿ ನೀರು ಅಂದರೆ ದುಡ್ಡು ಮತ್ತು ಸುದ್ದಿ. ಎರಡೂ ಎಲ್ಲಿ ಹುಟ್ಟುತ್ತವೆ, ಎಲ್ಲಿ ನಿಲ್ಲುತ್ತವೆ, ಎಲ್ಲಿ ಸುಮ್ನೆ ಹರಿದುಹೋಗುತ್ತವೆ ಅಂತ ಮೊದಲು ಹಿಂಬಾಲಿಸು. ಒಂದು ಸಣ್ಣ ಕೆಲಸ ಮಾಡು. ಗ್ರಾಹಕರ ಒಂದೇ ಒಂದು ದೂರನ್ನು ಹಿಡಿದುಕೋ. ಅದನ್ನು ಮೊದಲು ಕೇಳಿದವರು ಯಾರು, ಅವರು ಯಾರಿಗೆ ಹೇಳಿದರು, ಎಷ್ಟು ದಿನಕ್ಕೆ ಯಾರ ಮೇಜಿಗೆ ಬಂತು, ಬರುವಷ್ಟರಲ್ಲಿ ಏನಾಗಿತ್ತು ಅಂತ ಕೇಳುತ್ತಾ ಹೋಗು. ಬಹಳ ಕಡೆ ಸುದ್ದಿ ಜೋರು ಮಳೆಯ ನೀರಿನಂತೆ ಕಚೇರಿಯ ತುದಿ ಮುಟ್ಟಿ, ತಿಂಗಳ ವರದಿಯಲ್ಲಿ ಒಂದು ಅಂಕಿಯಾಗಿ ಕೊಚ್ಚಿಹೋಗುತ್ತದೆ. ದಾರಿಯಲ್ಲಿ ಯಾರೂ ಅದನ್ನು ಬಳಸಿಕೊಳ್ಳುವುದಿಲ್ಲ. ಇಳಿಜಾರಿನ ಹೊಲದಲ್ಲಿ ನೀರನ್ನು ಕೆಳಗೆ ಓಡಲು ಬಿಡದೆ, ಅಡ್ಡಲಾಗಿ ಸಮಮಟ್ಟದ ಕಾಲುವೆ ತೋಡುತ್ತೇವೆ. ನೀರು ನಿಧಾನವಾಗುತ್ತದೆ, ಹರಡುತ್ತದೆ, ಇಂಗುತ್ತದೆ. ನಿನ್ನಲ್ಲೂ ದೂರು ಕೇಳಿದವರೇ ಅದನ್ನು ಅಲ್ಲೇ ಸರಿಪಡಿಸುವಷ್ಟು ಅಧಿಕಾರ ಮತ್ತು ಸ್ವಲ್ಪ ದುಡ್ಡು ಅವರ ಕೈಯಲ್ಲಿದ್ದರೆ ಸಾಕು. ಅರ್ಧ ಸುದ್ದಿ ಮೇಲೆ ಬರುವುದೇ ಬೇಡ.

ದಾರಿ ಅಂದರೆ ತೀರ್ಮಾನ ನಡೆಯುವ ದಾರಿ. ಕಾಗದದಲ್ಲಿ ಬರೆದದ್ದಲ್ಲ, ಜನ ನಿಜವಾಗಿ ತುಳಿಯುವ ಕಾಲುದಾರಿ. ಅದನ್ನು ಗುರುತಿಸಿದರೆ ಸಾಕು, ಮುಚ್ಚಲು ಹೋಗಬೇಡ.

ಮರಗಳ ವಿಷಯದಲ್ಲಿ ಎಚ್ಚರ. ಬಹಳ ವರ್ಷದಿಂದ ಇರುವವರು ಬೆಳೆಸಿದ ಕೈಚಳಕ, ನೆನಪು, ಹೊರಗಿನ ನಂಟು ಇವೆಲ್ಲ ಮರಗಳು. ಕಡಿಯಲು ಒಂದು ಬೆಳಗ್ಗೆ ಸಾಕು. ಹಾಗಂತ ಒಂದೇ ಮರಕ್ಕೆ ಜೋತು ಬೀಳುವುದೂ ತಪ್ಪು. ಮುಖ್ಯವಾದ ಪ್ರತಿ ಕೆಲಸಕ್ಕೂ ಒಂದಕ್ಕಿಂತ ಹೆಚ್ಚು ಆಸರೆ ಇರಬೇಕು ಅನ್ನುವುದು ಮಾಲಿಸನ್ ಕಾಲದಿಂದಲೂ ಇರುವ ನಿಯಮ. ಒಬ್ಬರು ರಜೆ ಹಾಕಿದರೆ ಯಾವ ಕೆಲಸ ನಿಂತುಹೋಗುತ್ತದೆ? ಆ ಪಟ್ಟಿಯನ್ನು ಇದೇ ತಿಂಗಳು ಮಾಡು.

ಇನ್ನು ಮಣ್ಣು. ಯೋಮನ್ಸ್ ಅದನ್ನು ಕೊನೆಗೆ ಇಟ್ಟದ್ದು ಅದು ಮುಖ್ಯವಲ್ಲ ಅಂತ ಅಲ್ಲ. ಬೇರೆಲ್ಲಕ್ಕಿಂತ ಬೇಗ ಸುಧಾರಿಸುವುದು ಅದೇ ಅಂತ. ಕೆಲವೇ ವರ್ಷಗಳಲ್ಲಿ ಹೊಸ ಮಣ್ಣು ಕಟ್ಟಬಹುದು ಅಂತ ಆತ ವಾದಿಸಿದ. ಸಂಸ್ಥೆಯ ಮಣ್ಣು ದಿನದಿನದ ನಡವಳಿಕೆ. ಸಭೆ ಹೇಳಿದ ಹೊತ್ತಿಗೆ ಶುರುವಾಗುತ್ತದಾ? ಕೆಟ್ಟ ಸುದ್ದಿ ತಂದವರ ಮುಖಕ್ಕೆ ನೀನು ಏನು ಹೇಳುತ್ತೀಯ? ಕೊಟ್ಟ ಮಾತು ತಪ್ಪಿದಾಗ ಕಾರಣ ಹೇಳುತ್ತೀಯಾ? ಇದಕ್ಕೆ ಯಾರ ಅನುಮತಿಯೂ ಬೇಡ, ನಾಳೆಯೇ ಶುರುಮಾಡಬಹುದು. ಮೊದಲ ವರ್ಷ ಕೈ ಕಟ್ಟಿ ಕೂರಬೇಕಾ ಅಂತ ನೀನು ಕೇಳುತ್ತೀಯ, ನನಗೆ ಗೊತ್ತು. ಇಲ್ಲ. ಮೇಲಿನದನ್ನು ನೋಡುತ್ತಾ, ಕೆಳಗಿನ ಮಣ್ಣಲ್ಲಿ ಕೆಲಸ ಮಾಡು. ಸಂಬಳ ತಡವಾಗುತ್ತಿದ್ದರೆ, ಯಾರಾದರೂ ಕಿರುಕುಳ ಕೊಡುತ್ತಿದ್ದರೆ ಅದಕ್ಕಂತೂ ಗಮನಿಸುವ ಅವಧಿ ಅಂತ ಇಲ್ಲ. ಅವತ್ತೇ ಕೈಹಾಕು.

ಅಂಚುಗಳನ್ನೂ ನೋಡು. ಕಾಡು ಬಯಲಿಗೆ ತಾಗುವ ಜಾಗದಲ್ಲಿ ಎರಡೂ ಕಡೆಯ ಜೀವಗಳು ಸಿಗುತ್ತವೆ. ಹೋಮ್‌ಗ್ರೆನ್ ಅವರ ಹನ್ನೊಂದನೆಯ ಸೂತ್ರವೇ ಇದು. ಎರಡು ವಿಭಾಗಗಳ ನಡುವೆ ಓಡಾಡುವವರು, ಬಾಗಿಲಲ್ಲಿ ಕೂತು ಬಂದವರನ್ನು ಮಾತಾಡಿಸುವವರು, ಹೊಸದಾಗಿ ಸೇರಿ ಇನ್ನೂ ಒಗ್ಗದವರು. ಇಂಥವರನ್ನು ಯಾವ ಮುಖ್ಯ ಸಭೆಗೂ ಕರೆಯುವುದಿಲ್ಲ. ನೀನು ಕರೆ.

ಒಂದು ವಿಷಯದಲ್ಲಿ ಮಾತ್ರ ತೋಟದ ಮಾತು ನಂಬಬೇಡ. ಗಿಡವನ್ನು ಕಿತ್ತು ಬೇರೆ ಪಾತಿಗೆ ಹಾಕಿದರೆ ಅದು ಯಾಕೆ ಅಂತ ಕೇಳುವುದಿಲ್ಲ. ಮನುಷ್ಯ ಕೇಳುತ್ತಾನೆ, ಕೇಳಬೇಕು ಕೂಡ. ನಾನು ತೋಟಗಾರ, ಇವರೆಲ್ಲ ನನ್ನ ಗಿಡಗಳು ಅಂದುಕೊಂಡ ಮೇಲಧಿಕಾರಿ ಬೈಯುವ ಮೇಲಧಿಕಾರಿಗಿಂತ ಅಪಾಯ. ನೀನೂ ಆ ಜಮೀನಿನ ಒಳಗೇ ಇರುವವಳು, ಅಲ್ವಾ?

ಪರ್ಮಾಕಲ್ಚರ್‌ಗೆ ಸೂತ್ರಗಳಿಗಿಂತ ಮೊದಲು ಮೂರು ನೀತಿಗಳಿವೆ. ಭೂಮಿಯ ಕಾಳಜಿ, ಜನರ ಕಾಳಜಿ, ಮಿಕ್ಕಿದ್ದನ್ನು ಹಂಚುವುದು. ಮೊದಲೆರಡನ್ನು ಎಲ್ಲರೂ ಗೋಡೆಗೆ ಅಂಟಿಸುತ್ತಾರೆ. ಮೂರನೆಯದು ಬಂದಾಗ ಮಾತು ಬದಲಿಸುತ್ತಾರೆ. ನಿನ್ನ ಬದಲಾವಣೆಯಿಂದ ಹೊತ್ತು ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಅದರಲ್ಲಿ ದುಡಿದವರಿಗೆ ಎಷ್ಟು ಅಂತ ಈಗಲೇ ಬರೆದಿಡು. ಆ ನಕ್ಷೆಯನ್ನು ಮತ್ತೆ ತೆಗೆಯುವ ದಿನ, ಹೀಗೆ ಬರೆದಿಟ್ಟದ್ದನ್ನು ಎಲ್ಲರ ಮುಂದೆ ಓದು. ಆಮೇಲೆ ಬೇಲಿ ಎಲ್ಲಿ ಬೇಕು ಅಂತ ಅವರನ್ನೇ ಕೇಳು.

ನಿನ್ನ,
ದೊಡ್ಡಪ್ಪ