ಒಳಗೆ ಸೇರಿದ ಕೋಡಿನ ಪರವಾನಗಿಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ಇ-ಆಡಳಿತ ಯೋಜನೆಗಳ ಟೆಂಡರುಗಳಲ್ಲಿ ಮೂಲ ಕೋಡನ್ನು ಎಲ್ಲರಿಗೂ ತೆರೆದಿಡುವ ಓಪನ್ ಸೋರ್ಸ್ ತಂತ್ರಾಂಶವನ್ನೂ ಪರಿಗಣಿಸಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಅದು ಸ್ವಾಗತಾರ್ಹ. ಆದರೆ ಇಂಥ ತಂತ್ರಾಂಶದ ಒಳಗೆ ಬೇರೆಯವರು ಬರೆದ ಕೋಡ್ ಧಾರಾಳವಾಗಿ ಸೇರಿಕೊಂಡಿರುತ್ತದೆ, ಅದರ ಪರವಾನಗಿ ಏನೆಂಬುದು ಅನೇಕ ಬಾರಿ ಸೇರಿಸಿದವರಿಗೇ ಸ್ಪಷ್ಟವಿರುವುದಿಲ್ಲ ಎಂಬ ಸಂಗತಿ ನಮ್ಮಲ್ಲಿ ಚರ್ಚೆಗೆ ಬರುವುದು ತೀರಾ ಕಡಿಮೆ.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಹಾಗಾಗಿ ಅಂತರಜಾಲದಲ್ಲಿ ಸಿಕ್ಕಿತೆಂಬ ಮಾತ್ರಕ್ಕೆ ಕೋಡನ್ನು ಎತ್ತಿಕೊಂಡು ಹಂಚುವ ಹಕ್ಕು ಯಾರಿಗೂ ಬರುವುದಿಲ್ಲ. ಬರೆದವರ ಅನುಮತಿ ಬೇಕು, ಆ ಅನುಮತಿಯ ಷರತ್ತುಗಳನ್ನು ಪಾಲಿಸಲೂ ಬೇಕು. ಮುಖ್ಯ ಫೋಲ್ಡರಿನಲ್ಲಿ ಷರತ್ತುಗಳು ತೀರಾ ಕಡಿಮೆಯಿರುವ ಎಂಐಟಿ ಪರವಾನಗಿಯ ಒಂದು ಕಡತವಿದ್ದರೆ ಒಳಗಿರುವುದೆಲ್ಲ ಅದೇ ಪರವಾನಗಿಗೆ ಒಳಪಟ್ಟಿದೆ ಎಂದು ಭಾವಿಸುವುದು ತಪ್ಪು.

2021ರ ಮಾರ್ಚ್‌ನಲ್ಲಿ ರೂಬಿ ಪ್ರೋಗ್ರಾಮಿಂಗ್ ಭಾಷೆಯ ಮೈಮ್‌ಮ್ಯಾಜಿಕ್ ಎಂಬ ಪುಟ್ಟ ಲೈಬ್ರರಿಯ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ) ವಿಷಯದಲ್ಲಿ ಆದದ್ದೂ ಇದೇ. ಎಂಐಟಿ ಪರವಾನಗಿಯಡಿ ಹಂಚಲಾಗುತ್ತಿದ್ದ ಆ ಲೈಬ್ರರಿಯಲ್ಲಿ ಫ್ರೀಡೆಸ್ಕ್‌ಟಾಪ್ ಯೋಜನೆಯ ಒಂದು ದತ್ತಾಂಶ ಕಡತವಿತ್ತು, ಅದು ಜಿಪಿಎಲ್ ಪರವಾನಗಿಯದಾಗಿತ್ತು. ತನ್ನನ್ನು ಒಳಗೊಂಡ ತಂತ್ರಾಂಶವನ್ನು ಹಂಚುವಾಗ ಅದೂ ಜಿಪಿಎಲ್ ಅಡಿಯಲ್ಲೇ ಇರಬೇಕೆಂಬುದು ಆ ಪರವಾನಗಿಯ ಷರತ್ತು. ಇದನ್ನು ಎತ್ತಿ ತೋರಿಸಿದ ಕೂಡಲೇ ಲೈಬ್ರರಿಯ ನಿರ್ವಾಹಕರು ಹಳೆಯ ಆವೃತ್ತಿಗಳನ್ನು ಹಿಂತೆಗೆದುಕೊಂಡು, ಹೊಸದನ್ನು ಜಿಪಿಎಲ್ ಅಡಿಯಲ್ಲಿ ಬಿಡುಗಡೆ ಮಾಡಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಆದರೆ ಜಾಲತಾಣಗಳನ್ನು ಕಟ್ಟಲು ವಿಶ್ವದಾದ್ಯಂತ ಬಳಕೆಯಲ್ಲಿರುವ ರೈಲ್ಸ್ ಚೌಕಟ್ಟು ಮತ್ತೊಂದು ಲೈಬ್ರರಿಯ ಮೂಲಕ ಇದನ್ನೇ ನೆಚ್ಚಿಕೊಂಡಿದ್ದರಿಂದ, ಹಳೆಯ ಆವೃತ್ತಿಯನ್ನು ಕೇಳುತ್ತಿದ್ದ ಯೋಜನೆಗಳ ಬಿಲ್ಡ್‌ಗಳು (ಕೋಡನ್ನು ಬಳಕೆಗೆ ಸಿದ್ಧಗೊಳಿಸುವ ಪ್ರಕ್ರಿಯೆಗಳು) ಎಲ್ಲೆಡೆ ನಿಂತುಹೋದವು. ರೈಲ್ಸ್ ತಂಡವು ಸಡಿಲ ಪರವಾನಗಿಯ ಅಪಾಚೆ ಟಿಕಾ ಯೋಜನೆಯ ದತ್ತಾಂಶಕ್ಕೆ ಬದಲಾಯಿಸಿಕೊಂಡು ಕೆಲವೇ ದಿನಗಳಲ್ಲಿ ಹೊಸ ಆವೃತ್ತಿಯನ್ನು ಹೊರತಂದಿತು.

ಬದಲಿ ಸಿಕ್ಕಿದ್ದರಿಂದ ಅಲ್ಲಿ ತೊಡಕು ಬೇಗ ಬಗೆಹರಿಯಿತು. ಒಂದು ಕಂಪ್ಯೂಟರ್ ಜಾಲದ ಮೂಲಕ ಮತ್ತೊಂದರಿಂದ ಕೆಲಸ ಮಾಡಿಸಲು ನೆರವಾಗುವ, ಸನ್ ಎಂಬ ಕಂಪ್ಯೂಟರ್ ಕಂಪನಿಯ ಆರ್‌ಪಿಸಿ ಕೋಡಿನ ಕಥೆ ಹಾಗಾಗಲಿಲ್ಲ. 1980ರ ದಶಕದ ಆ ಕೋಡನ್ನು ನಕಲಿಸಬಹುದು, ತಿದ್ದಬಹುದು, ಆದರೆ ಬಳಕೆದಾರ ತಾನೇ ರೂಪಿಸಿದ ಉತ್ಪನ್ನ ಅಥವಾ ಪ್ರೋಗ್ರಾಮಿನ ಭಾಗವಾಗಿ ಅಲ್ಲದೆ ಬೇರೆಯವರಿಗೆ ಹಂಚುವಂತಿಲ್ಲ ಎಂಬ ಷರತ್ತು ಅದರ ಪರವಾನಗಿಯಲ್ಲಿತ್ತು. ಅದೇ ಕೋಡ್ ಲಿನಕ್ಸ್ ವ್ಯವಸ್ಥೆಗಳ ತಳಹದಿಯಾದ ಗ್ನೂ ಸಿ ಲೈಬ್ರರಿಯ ಒಳಗೆ ವರ್ಷಗಟ್ಟಲೆ ಉಳಿದಿತ್ತು. ಇದು ಮುಕ್ತ ತಂತ್ರಾಂಶದ ನಿಯಮಗಳಿಗೆ ಹೊಂದುವುದಿಲ್ಲವೆಂದು ಲಿನಕ್ಸ್ ವ್ಯವಸ್ಥೆಯೊಂದನ್ನು ರೂಪಿಸುವ ಡೆಬಿಯನ್ ಬಳಗದಲ್ಲಿ ಆಕ್ಷೇಪ ಎದ್ದಿತು. ಡೆಬಿಯನ್ ಮತ್ತು ಅಂಥದೇ ಇನ್ನೊಂದು ಯೋಜನೆಯಾದ ಫೆಡೋರಾದವರು ಸನ್‌ನೊಂದಿಗೆ ಪತ್ರವ್ಯವಹಾರ ನಡೆಸಿದರು. 2009ರಲ್ಲಿ ಸನ್ ಸಡಿಲ ಷರತ್ತುಗಳ ಬಿಎಸ್‌ಡಿ ಪರವಾನಗಿಗೆ ಒಪ್ಪಿತು. ಆದರೂ ಕೆಲವು ಕಡತಗಳು ಉಳಿದುಕೊಂಡು, ಸನ್ ಅನ್ನು ಕೊಂಡುಕೊಂಡಿದ್ದ ಒರಾಕಲ್ 2010ರಲ್ಲಿ ಅನುಮತಿ ಕೊಟ್ಟ ಮೇಲಷ್ಟೇ ವಿಷಯ ಇತ್ಯರ್ಥವಾಯಿತು. ಹಕ್ಕುದಾರ ಕಂಪನಿ ಇನ್ನೂ ಕೈಗೆ ಸಿಗುವಂತಿದ್ದುದರಿಂದ ಇಷ್ಟಾದರೂ ಸಾಧ್ಯವಾಯಿತು. ಬರೆದವರು ತೀರಿಕೊಂಡಿದ್ದರೆ, ಕಂಪನಿ ಮುಚ್ಚಿದ್ದರೆ, ಕೇಳುವುದಾದರೂ ಯಾರನ್ನು? ಆಗ ಆ ಭಾಗವನ್ನು ತೆಗೆದುಹಾಕಬೇಕು ಅಥವಾ ಹೊಸದಾಗಿ ಬರೆಯಬೇಕು.

ಕೋಡ್ ಒಳಗೆ ಬರುವಾಗಲೇ ಅದು ಎಲ್ಲಿಂದ ಬಂತು, ಯಾರದು, ಯಾವ ಪರವಾನಗಿಯದು ಎಂದು ಬರೆದಿಡುವುದಕ್ಕೆ ತಗಲುವ ಶ್ರಮ ಅತ್ಯಲ್ಪ. ಪ್ರತಿ ಕಡತದ ತಲೆಯಲ್ಲಿ ಪರವಾನಗಿಯನ್ನು ಒಂದೇ ಸಾಲಿನಲ್ಲಿ ನಮೂದಿಸುವ ಎಸ್‌ಪಿಡಿಎಕ್ಸ್ ಗುರುತುಗಳು ಈಗಾಗಲೇ ವ್ಯಾಪಕ ಬಳಕೆಯಲ್ಲಿವೆ, ಮತ್ತು ತಂತ್ರಾಂಶದ ಘಟಕಗಳನ್ನೂ ಅವುಗಳ ಪರವಾನಗಿಗಳನ್ನೂ ಪಟ್ಟಿ ಮಾಡುವ ಎಸ್‌ಪಿಡಿಎಕ್ಸ್ ನಮೂನೆಗೆ 2021ರಲ್ಲಿ ಐಎಸ್‌ಒ ಮಾನ್ಯತೆಯೂ ದೊರೆತಿದೆ. ಡೆಬಿಯನ್ ಭಂಡಾರಕ್ಕೆ ಹೊಸ ಪ್ಯಾಕೇಜ್ ಸೇರಬೇಕಾದರೆ ಒಳಗಿನ ಕೋಡಿನ ಹಕ್ಕುಸ್ವಾಮ್ಯದ ವಿವರವನ್ನು ಸ್ವಯಂಸೇವಕರು ಪರಿಶೀಲಿಸುತ್ತಾರೆ. ಸ್ವಯಂಸೇವಕರಿಂದ ಆಗುವ ಕೆಲಸ, ಸಾರ್ವಜನಿಕ ಹಣ ಪಡೆಯುವ ಗುತ್ತಿಗೆದಾರರಿಂದ ಆಗದು ಎಂದು ನಾನು ಒಪ್ಪಲಾರೆ.

ಆದ್ದರಿಂದ ರಾಜ್ಯದ ಇಲಾಖೆಗಳು ತಂತ್ರಾಂಶವನ್ನು ಸ್ವೀಕರಿಸುವ ಮುನ್ನ ಒಳಗಿರುವ ಪ್ರತಿ ಘಟಕದ ಪರವಾನಗಿ ಪಟ್ಟಿಯನ್ನು ಕಡ್ಡಾಯವಾಗಿ ಪಡೆಯಬೇಕು. ಅಸ್ಪಷ್ಟವಾದುದೇನಾದರೂ ಕಂಡರೆ ಹಕ್ಕುದಾರರಿಂದ ಲಿಖಿತ ಉತ್ತರ ತರಿಸುವ ಹೊಣೆ ಗುತ್ತಿಗೆದಾರರದ್ದೆಂದು ಟೆಂಡರಿನಲ್ಲಿಯೇ ಬರೆಯಬೇಕು. ಎಂಜಿನಿಯರಿಂಗ್ ಕಾಲೇಜುಗಳು ಸಹ ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯೊಂದಿಗೆ ಇಂಥದೇ ಪಟ್ಟಿಯನ್ನು ಕೇಳಲಿ. ಬರುವ ಶೈಕ್ಷಣಿಕ ವರ್ಷದಿಂದಲೇ ಇದನ್ನು ಆರಂಭಿಸಲು ಯಾವ ಅಡ್ಡಿಯೂ ಇಲ್ಲ.

ಇಂತಿ,
ತಂತ್ರಾಂಶ ಎಂಜಿನಿಯರ್, ಮೈಸೂರು